ಕಳುಹಿಸದೆ ಉಳಿದ ದೂರು

ಮ್ಯಾನೇಜರಿಗೆಂದು ಒಂದು ರಾತ್ರಿ ಸಿಟ್ಟಿನಲ್ಲಿ ಬರೆದ ಇಮೇಲ್ ಇಂದಿಗೂ ನನ್ನ ಡ್ರಾಫ್ಟ್‌ನಲ್ಲಿಯೇ ಇದೆ. ನನಗಿಂತ ಮುಂಚಿನ ಪಾಳಿಯ ಸಹೋದ್ಯೋಗಿಯೊಬ್ಬರು ಮನೆಗೆ ಹೊರಡುವ ಮುನ್ನ ಬರೆದಿಡಬೇಕಾದ ಟಿಪ್ಪಣಿಯಲ್ಲಿ ಮೂರು ವಾರಗಳಿಂದ ‘ಉಳಿದದ್ದು ಎಂದಿನಂತೆ’ ಎಂಬ ಎರಡೇ ಪದ ಬರೆದು ಹೋಗುತ್ತಿದ್ದರು. ಯಾವ ಗ್ರಾಹಕರಿಗೆ ಉತ್ತರ ಹೋಗಿದೆ, ಯಾರದು ಇನ್ನೂ ಬಾಕಿ ಎಂದು ಹುಡುಕುವುದರಲ್ಲಿಯೇ ನನ್ನ ಪಾಳಿಯ ಮೊದಲ ಮುಕ್ಕಾಲು ಗಂಟೆ ಕಳೆಯುತ್ತಿತ್ತು.

ಬೆಳಿಗ್ಗೆ ಎದ್ದು ಓದಿ ನೋಡಿದರೆ, ಇಮೇಲಿನ 11 ಸಾಲುಗಳ ಪೈಕಿ ಟಿಪ್ಪಣಿಯ ಸಂಗತಿ ಇದ್ದದ್ದು ಮೂರರಲ್ಲಿ ಮಾತ್ರ. ಮಿಕ್ಕ ಎಂಟೂ ಅವರ ಸ್ವಭಾವದ ವರ್ಣನೆ; ‘ಯಾವಾಗಲೂ’ ಎಂಬ ಪದವೇ ನಾಲ್ಕು ಸಲ ಬಂದಿತ್ತು. ಇನ್ನೊಬ್ಬರ ನಡೆಗೆ ಅವರ ಸಂದರ್ಭಕ್ಕಿಂತ ಸ್ವಭಾವವೇ ಕಾರಣವೆಂದು ತೀರ್ಮಾನಿಸಿಬಿಡುವ ಈ ಪ್ರವೃತ್ತಿಗೆ ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲಿಯೇ ಒಂದು ಹೆಸರು ಕೊಟ್ಟಿದ್ದರೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಆ ಎಂಟು ಸಾಲು ಬರೆದಿದ್ದೆ.

ಆ ಸಾಲುಗಳನ್ನು ಅಳಿಸಿದ ಮೇಲೆ ಉಳಿದದ್ದು ಒಂದೇ ಪ್ರಶ್ನೆ: ಇದನ್ನು ಓದಿದ ಮ್ಯಾನೇಜರ್ ಏನು ಮಾಡಬೇಕೆಂದು ನಾನು ಬಯಸುತ್ತಿದ್ದೇನೆ? ಪಾಳಿ ಬದಲಿಸುವುದು, ಕೆಲಸ ಹಂಚುವುದು, ಗಡುವು ಮುಂದೂಡುವುದು ಅವರ ಕೈಯಲ್ಲಿರುವ ಸಂಗತಿಗಳು. ಸಹೋದ್ಯೋಗಿಗೆ ನಾಲ್ಕು ಮಾತು ಬುದ್ಧಿ ಹೇಳಲಿ ಎಂಬುದಷ್ಟೇ ಆಸೆಯಾಗಿದ್ದರೆ, ನಾನು ಆಡಲು ಹಿಂಜರಿದ ಮಾತನ್ನು ಅವರ ಬಾಯಿಂದ ಆಡಿಸುತ್ತಿದ್ದೇನೆ ಎಂದೇ ಅರ್ಥ. ಜಗಳದಲ್ಲಿ ನೊಂದವರು, ನೋಯಿಸಿದವರು, ಕಾಪಾಡುವವರು ಎಂಬ ಮೂರು ಪಾತ್ರಗಳು ಹುಟ್ಟಿ, ಅವು ಕ್ಷಣಾರ್ಧದಲ್ಲಿ ಅದಲುಬದಲಾಗುತ್ತವೆ ಎಂದು ಮನೋವೈದ್ಯ ಸ್ಟೀಫನ್ ಕಾರ್ಪ್‌ಮನ್ 1968ರಲ್ಲಿ ಒಂದು ತ್ರಿಕೋನದ ಮೂಲಕ ವಿವರಿಸಿದ್ದರು. ಆ ಇಮೇಲ್ ಹೋಗಿದ್ದರೆ ಮಧ್ಯಾಹ್ನದ ಹೊತ್ತಿಗೆ ಚಾಡಿ ಹೇಳಿ ನೋಯಿಸಿದವಳು ನಾನೇ ಆಗಿರುತ್ತಿದ್ದೆ.

ಕೊನೆಗೆ ಆ ಸಹೋದ್ಯೋಗಿಯನ್ನೇ ಕೇಳಿದೆ. “ಟಿಪ್ಪಣಿ ಪೂರ್ತಿ ಇಲ್ಲದಿದ್ದರೆ ನನಗೆ ಮುಕ್ಕಾಲು ಗಂಟೆ ಹುಡುಕಾಟವಾಗುತ್ತದೆ, ಏನಾದರೂ ತೊಂದರೆಯಿದೆಯೇ?” ಅವರು ತಮ್ಮ ಕ್ಯಾಲೆಂಡರನ್ನು ತೆರೆದು ನನ್ನ ಕಡೆ ತಿರುಗಿಸಿದರು. ಪಾಳಿಯ ಕೊನೆಯ ಅರ್ಧ ಗಂಟೆಗೆ ದಿನವೂ ಒಂದು ಮೀಟಿಂಗ್. ಶುರುವಾಗಿ ಸರಿಯಾಗಿ ಮೂರು ವಾರವಾಗಿತ್ತು, ಗೊತ್ತುಮಾಡಿದವರು ನಮ್ಮ ಮ್ಯಾನೇಜರೇ. ಅಂದರೆ ವಿಷಯ ಅವರ ಬಳಿ ಹೋಗಲೇಬೇಕಿತ್ತು, ಆದರೆ ದೂರಾಗಿ ಅಲ್ಲ. ಇಬ್ಬರೂ ಜೊತೆಯಾಗಿ ಹೋದೆವು, ಐದು ನಿಮಿಷದಲ್ಲಿ ಮೀಟಿಂಗಿನ ಹೊತ್ತು ಬದಲಾಯಿತು.

ಎಲ್ಲ ಸಲವೂ ಹೀಗೆ ನೇರ ಮಾತಿನಿಂದಲೇ ಬಗೆಹರಿಯುತ್ತದೆಂದು ಹೇಳಲಾರೆ. ಬೆದರಿಕೆ, ಕಿರುಕುಳ, ಲೆಕ್ಕದಲ್ಲಿ ಮೋಸ ಇವು ಸಣ್ಣ ಮನಸ್ತಾಪಗಳ ಪಟ್ಟಿಗೆ ಸೇರುವುದೇ ಇಲ್ಲ. ಅಲ್ಲಿ ‘ಮೊದಲು ನೀವೇ ಮಾತಾಡಿಕೊಳ್ಳಿ’ ಎನ್ನುವ ಸಲಹೆ ಅನ್ಯಾಯ. ಸಣ್ಣದರಲ್ಲಿಯೂ ನಾನು ಒಮ್ಮೆ ಎಡವಿದ್ದೇನೆ. ಹಿಂದಿನ ಕೆಲಸದಲ್ಲಿ ಒಬ್ಬರು ನಾನು ಸಿದ್ಧಪಡಿಸಿದ ವರದಿಗಳನ್ನು ತಮ್ಮದೆಂದು ತೋರಿಸುತ್ತಿದ್ದರು. ಎರಡು ಸಲ ಅವರಿಗೇ ಹೇಳಿದೆ, ನಕ್ಕು ಸುಮ್ಮನಾದರು. ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವೇಕೆ ಎಂದು ಇಡೀ ವರ್ಷ ನುಂಗಿಕೊಂಡು, ಕೊನೆಗೆ ಬಾಯಿಬಿಟ್ಟಾಗ ಅಂದಿನ ಮ್ಯಾನೇಜರ್ ಕೇಳಿದ್ದು ಒಂದೇ ಮಾತು: “ಆಗಲೇ ಏಕೆ ಹೇಳಲಿಲ್ಲ?” ನನ್ನ ಬಳಿ ದಿನಾಂಕಗಳೂ ಇರಲಿಲ್ಲ, ಉತ್ತರವೂ ಇರಲಿಲ್ಲ. ಈಗ ಎರಡನೆಯ ಸಲ ಹೇಳಿದ ದಿನವನ್ನು ಬರೆದಿಟ್ಟುಕೊಳ್ಳುತ್ತೇನೆ. ಮೂರನೆಯ ಸಲಕ್ಕೆ ಮ್ಯಾನೇಜರ್ ಬಳಿ ಹೋಗುವುದನ್ನು ಆ ಸಹೋದ್ಯೋಗಿಗೆ ಮೊದಲೇ ತಿಳಿಸಿಯೇ ಹೋಗುತ್ತೇನೆ.

ಟಿಪ್ಪಣಿಯ ಸಹೋದ್ಯೋಗಿ ಈಗ ಎಲ್ಲವನ್ನೂ ವಿವರವಾಗಿ ಬರೆದಿಡುತ್ತಾರೆ. ಫೋನನ್ನು ಸ್ಪೀಕರಿಗೆ ಹಾಕಿ ನನ್ನ ಮೇಜಿನ ಪಕ್ಕದಲ್ಲಿಯೇ ನಿಂತು ಮಾತನಾಡುವ ಅಭ್ಯಾಸವನ್ನು ಮಾತ್ರ ಬಿಟ್ಟಿಲ್ಲ. ಅದನ್ನು ಇನ್ನೂ ಒಂದೇ ಸಲ ಹೇಳಿದ್ದೇನೆ.