ಕೇಪಿನ ಕೋವಿ ಕಲಿಸಿದ ನಿಲುವು

ಪುಣೆಯ ಬಾಲೇವಾಡಿಯ ಶೂಟಿಂಗ್ ರೇಂಜಿನಲ್ಲಿ ನನ್ನ ಪಕ್ಕದ ಲೇನಿನಲ್ಲಿ ನಿಂತು ಏರ್ ರೈಫಲ್ ಅಭ್ಯಾಸ ಮಾಡುವ ಧಾರವಾಡದ ಮಿತ್ರರೊಬ್ಬರು ಕಳೆದ ತಿಂಗಳು ಕೇಳಿದರು: "ಅಲ್ರೀ ಸರ, ಪೆಲೆಟ್ ಹೋದ ಮ್ಯಾಲೂ ನೀವು ಅಷ್ಟೊತ್ತು ಹಂಗ ನಿಂತಿರ್ತೀರಲ್ಲ, ಯಾಕ?" ತರಬೇತುದಾರರು ಇದನ್ನು ಫಾಲೋ ಥ್ರೂ ಎನ್ನುತ್ತಾರೆ. ನನಗೆ ಅದನ್ನು ಕಲಿಸಿದ್ದು ಪುಣೆಯ ಯಾವ ತರಬೇತಿಯೂ ಅಲ್ಲ, ಕೊಡಗಿನ ನಮ್ಮ ಮನೆಯಲ್ಲಿರುವ, ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ತಾತನ ಕೇಪಿನ ಕೋವಿ.

ಸಿದ್ಧ ತೋಟಾ ಹಾಕಿ ಹೊಡೆಯುವ ತೋಟಾಕೋವಿಗೆ ಒಗ್ಗಿದವರಿಗೆ ಇದರ ನಿಧಾನ ಅರ್ಥವಾಗುವುದು ಕಷ್ಟ. ಅಳತೆಯ ಮದ್ದನ್ನು ನಳಿಗೆಯ ಬಾಯಿಂದ ಸುರಿದು, ತೆಂಗಿನ ನಾರನ್ನು ಗಜವೆಂಬ ಉದ್ದ ಕೋಲಿನಿಂದ ಇಡಿದು ಗಟ್ಟಿಮಾಡಿ, ಗುಂಡು ಇಳಿಸಿ, ಅದರ ಮೇಲೆ ಮತ್ತಷ್ಟು ನಾರು ತುಂಬಿ, ಕೊಟ್ಟಕೊನೆಗೆ ಬಡಿದರೆ ಸಿಡಿಯುವ ಪುಟ್ಟ ಲೋಹದ ಟೋಪಿಯಾದ ಕೇಪು ಕೂರಿಸಬೇಕು. ಕೋವಿಯ ಸುತ್ತಿಗೆಯಂಥ ಕುದುರೆ ಕೇಪಿಗೆ ಬಡಿದು, ಅದರ ಕಿಡಿ ಸಣ್ಣ ರಂಧ್ರದ ಮೂಲಕ ಮದ್ದನ್ನು ತಲುಪಿ, ಮದ್ದು ಉರಿದು ಗುಂಡನ್ನು ಉದ್ದನೆಯ ನಳಿಗೆಯಿಂದ ಹೊರಗೆ ತಳ್ಳುವವರೆಗೆ ಕಣ್ಣೆವೆ ಇಕ್ಕುವಷ್ಟು ಹೊತ್ತೂ ಆಗುವುದಿಲ್ಲ. ಆದರೂ ಅಷ್ಟರೊಳಗೆ ಹೆಗಲು ಸಡಿಲಿಸಿದವನ ಗುಂಡು ಗುರಿಯಾಗಿಟ್ಟ ತೆಂಗಿನಕಾಯಿಯ ಹತ್ತಿರಕ್ಕೂ ಸುಳಿಯುವುದಿಲ್ಲ. ಕೇಪು ಬರುವ ಮುಂಚಿನ ಚಕಮಕಿ ಕಲ್ಲಿನ ಕಿಡಿಯಿಂದ ಹೊತ್ತಿಸುವ ಕೋವಿಗಳಲ್ಲಿ ಈ ವಿಳಂಬ ಇನ್ನೂ ಹೆಚ್ಚಾಗಿತ್ತು. ಹೊರಗೆ ಮೊದಲು ಹೊತ್ತಿಕೊಳ್ಳುವ ಮದ್ದಿನ ಮಿಂಚು ಕಂಡು ಹಕ್ಕಿಗಳು ಹಾರಿಹೋಗುತ್ತಿದ್ದುದರಿಂದ ಬೇಸತ್ತ ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್, ಬಡಿದರೆ ಸಿಡಿಯುವ ರಾಸಾಯನಿಕದ ಉಪಾಯಕ್ಕೆ 1807ರಲ್ಲಿ ಪೇಟೆಂಟ್ ಪಡೆದರು. ಕೇಪು ಹುಟ್ಟಿದ್ದು ಅದರ ಮುಂದುವರಿಕೆಯಾಗಿ. ಬೇಟೆಯ ಚಪಲವಿದ್ದ ಪಾದ್ರಿಯೊಬ್ಬರಿಂದ ಸೈನ್ಯಗಳ ಬಂದೂಕುಗಳೆಲ್ಲ ಬದಲಾದವೆಂಬುದು ನನಗೆ ಇಂದಿಗೂ ಸೋಜಿಗ.

ನಾವೀಗ ಅಭ್ಯಾಸ ಮಾಡುವ ಹತ್ತು ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ 75 ನಿಮಿಷಗಳಲ್ಲಿ 60 ಬಾರಿ ಗುರಿಯಿಡಬೇಕು, ಮತ್ತು ಗುರಿಯ ನಡುವಿನ ಚುಕ್ಕೆ ಬರೀ ಅರ್ಧ ಮಿಲಿಮೀಟರಿನದು. ಬಾಯಿಂದ ತುಂಬುವ ಕೋವಿಗಳ ವಿಶ್ವ ಚಾಂಪಿಯನ್‌ಷಿಪ್ಪಿನಲ್ಲಾದರೋ 30 ನಿಮಿಷಗಳಲ್ಲಿ 13 ಗುಂಡು, ಅವುಗಳಲ್ಲಿ ಉತ್ತಮವಾದ 10 ಮಾತ್ರ ಲೆಕ್ಕಕ್ಕೆ. ಆ ಮೂರು ಗುಂಡುಗಳ ಔದಾರ್ಯ ಎಷ್ಟು ದೊಡ್ಡದೆಂದು ಇಂಥ ಕಪ್ಪುಮದ್ದಿನ ಕೋವಿ ಹಿಡಿದವರೇ ಬಲ್ಲರು.

ನನ್ನ ಹದಿನೇಳನೆಯ ವಯಸ್ಸಿನ ಒಂದು ಪೆದ್ದುತನವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ನೆಂಟರೆದುರು ಜಾಣ್ಮೆ ಮೆರೆಯಲು ಹೋಗಿ ಮದ್ದನ್ನೇ ಹಾಕದೆ ನಾರು ಮತ್ತು ಗುಂಡನ್ನು ಇಡಿದುಬಿಟ್ಟೆ. ಕೇಪು ಟಪ್ಪೆಂದಿತು, ಅಷ್ಟೇ. ಕೋವಿ ಇಳಿಸಲು ಹೊರಟವನನ್ನು ತಾತ ಗದರಿಸಿ, ನಳಿಗೆ ಗುರಿಯತ್ತಲೇ ಇರುವಂತೆ ಪೂರ್ತಿ ಒಂದು ನಿಮಿಷ ನಿಲ್ಲಿಸಿದರು. ಒಳಗೆ ಮದ್ದಿದ್ದು ಅದು ತಡವಾಗಿ ಹೊತ್ತಿಕೊಂಡರೆ ಗತಿಯೇನು ಎಂಬುದು ಅವರ ಲೆಕ್ಕ. ಆಮೇಲೆ ತುದಿಗೆ ತಿರುಪಿರುವ ಗಜದಿಂದ ಗುಂಡನ್ನು ಕೀಳಲು ಅರ್ಧ ಮಧ್ಯಾಹ್ನ ಹಿಡಿಯಿತು. ಅವರ ಗಜದ ಮೇಲೆ ಎರಡು ಗೀಟುಗಳಿದ್ದವು: ಖಾಲಿ ನಳಿಗೆಗೆ ಒಂದು, ಸರಿಯಾಗಿ ತುಂಬಿದ ನಳಿಗೆಗೆ ಇನ್ನೊಂದು. ನಾನು ಗಜವನ್ನು ಇಳಿಸಿ ನೋಡಿದ್ದರೆ ಎರಡನೆಯ ಗೀಟು ಮುಳುಗಿದ್ದು ಕಂಡು ಮದ್ದಿಲ್ಲವೆಂದು ಗೊತ್ತಾಗುತ್ತಿತ್ತು.

ಮಿತ್ರರಿಗೆ ನಾನು ಇಷ್ಟೆಲ್ಲ ವಿವರಿಸಿದರೂ ಅವರಿಗೆ ಹಿಡಿಸಿದ್ದು ಹೊಗೆಯ ಸಂಗತಿ. ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿದ ಈ ಮದ್ದು ಉರಿದಾಗ ಅದರ ಅರ್ಧಕ್ಕಿಂತ ಹೆಚ್ಚು ಪಾಲು ಅನಿಲವಾಗದೆ ಮಸಿಯಾಗಿಯೂ ಬಿಳಿ ಹೊಗೆಯಾಗಿಯೂ ಉಳಿಯುತ್ತದೆ. ಗುರಿಗೆ ತಾಗಿತೋ ಇಲ್ಲವೋ ಎಂಬುದು ಹೊಡೆದವನಿಗೆ ಹೊಗೆ ಸರಿದ ಮೇಲಷ್ಟೇ ಗೊತ್ತು. ನಳಿಗೆಯೊಳಗಿನ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಸೆಪ್ಟೆಂಬರಿನ ಕೊಡಗಿನಲ್ಲಿ ಒಂದು ರಾತ್ರಿ ಬಿಟ್ಟರೆ ಬೆಳಗ್ಗೆ ತುಕ್ಕು ಕಾಣುತ್ತದೆ. ಆದ್ದರಿಂದ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೋಕ್ ಪೂ (ಕೋವಿ ಹೂ) ಸಿಕ್ಕಿಸಿ ಪೂಜಿಸಿದ ಕೋವಿಯನ್ನು, ತೆಂಗಿನಕಾಯಿಗೆ ಗುಂಡು ಹೊಡೆದಾದ ಮೇಲೆ, ಊಟಕ್ಕೂ ಮೊದಲು ಬಿಸಿನೀರಿನಲ್ಲಿ ತೊಳೆಯುವುದು ನಮ್ಮ ಮನೆಯ ಕಟ್ಟಳೆ. ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ನೀರು ತಿಳಿಯಾಗುವವರೆಗೆ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಹೊಡೆಯಲು ಹತ್ತು ನಿಮಿಷ, ತೊಳೆಯಲು ಒಂದು ಗಂಟೆ. ಈಗ ಊರಿನ ಸ್ಪರ್ಧೆಗಳು ಬಹುಪಾಲು ಪಾಯಿಂಟ್ ಟೂ ಟೂ ರೈಫಲ್ ಮತ್ತು ಹನ್ನೆರಡು ಬೋರಿನ ತೋಟಾಕೋವಿಗಳಲ್ಲೇ ನಡೆಯುವುದಕ್ಕೆ ಈ ತೊಳೆಯುವ ಕೆಲಸವೂ ಒಂದು ಕಾರಣವಿರಬೇಕೆಂದು ನನ್ನ ಗುಮಾನಿ.

ಕೋವಿಯನ್ನು ಪುಣೆಗೆ ತರಬಾರದೇ ಎಂದೂ ಅವರು ಕೇಳಿದರು. ಕೊಡವರಿಗೂ ವಂಶಪಾರಂಪರ್ಯ ಭೂಮಿಯ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, ನಿಜ; ಆದರೆ ಕಪ್ಪುಮದ್ದು 1884ರ ಸ್ಫೋಟಕ ಕಾಯ್ದೆಯ ವ್ಯಾಪ್ತಿಗೆ ಬರುವ ವಸ್ತು, ಅದನ್ನು ನಾಲ್ಕನೆಯ ಮಹಡಿಯ ಫ್ಲ್ಯಾಟಿನಲ್ಲಿ ಇಟ್ಟುಕೊಳ್ಳುವ ಆಸೆ ನನಗಿಲ್ಲ. ಅದರ ಬದಲು ಅವರೇ ಸೆಪ್ಟೆಂಬರಿನ ಮೊದಲ ವಾರಕ್ಕೆ ರಜೆ ಹಾಕಿದ್ದಾರೆ. ಬರುವಾಗ ಹಳೆಯ ಅಂಗಿಯೊಂದನ್ನು ತನ್ನಿರೆಂದು ಹೇಳಿದ್ದೇನೆ.