ಒಂದು ಕನ್ನಡ ಪುಟ, ಒಂದು ಟರ್ಮಿನಲ್: ವೆಬ್ ಕಲಿಯಲು ಹೊರಟವರಿಗೆ ಮೊದಲ ಪದಗಳು

ಟರ್ಮಿನಲ್, ಶೆಲ್, ಪಾತ್, ಸರ್ವರ್, ಪೋರ್ಟ್, ಲೋಕಲ್‌ಹೋಸ್ಟ್, ಎನ್‌ಕೋಡಿಂಗ್. ವೆಬ್ ಪ್ರೋಗ್ರಾಮಿಂಗ್ ಕಲಿಯಲು ಕೂತವರ ಮೇಲೆ ಮೊದಲ ವಾರದಲ್ಲೇ ಇಷ್ಟೂ ಪದಗಳು ಬಂದು ಬೀಳುತ್ತವೆ. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದರೆ ತಲೆಯಲ್ಲಿ ನಿಲ್ಲುವುದಿಲ್ಲ. ಒಂದೇ ಒಂದು ಕನ್ನಡ ಪುಟ ಬರೆದು, ಅದನ್ನು ನಿಮ್ಮದೇ ಕಂಪ್ಯೂಟರಿನಿಂದ ಬ್ರೌಸರಿಗೆ ಬಡಿಸಿ ನೋಡಿ. ಈ ಪದಗಳೆಲ್ಲ ದಾರಿಯಲ್ಲೇ ಎದುರಾಗುತ್ತವೆ, ಪ್ರತಿಯೊಂದಕ್ಕೂ ಒಂದು ಕೆಲಸ ಇದೆ ಎನ್ನುವುದು ಗೊತ್ತಾಗುತ್ತದೆ.

ಮೊದಲೇ ಒಂದು ಮಾತು. ಕಮಾಂಡುಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷಿನ ಸಣ್ಣ ಅಕ್ಷರಗಳನ್ನೇ ಬಳಸಿ. ಕೀಬೋರ್ಡ್ ಕನ್ನಡದಲ್ಲೇ ಉಳಿದುಬಿಟ್ಟಿದ್ದರೆ ಸರಿಯಾದ ಕಮಾಂಡಿಗೂ ‘ಕಮಾಂಡ್ ನಾಟ್ ಫೌಂಡ್’ ಎಂಬ ಉತ್ತರ ಬರುತ್ತದೆ.

ಟರ್ಮಿನಲ್ ಅಂದರೆ ಅಕ್ಷರ ತೋರಿಸುವ ಕಿಟಕಿ, ಅಷ್ಟೇ. ಆ ಕಿಟಕಿಯೊಳಗೆ ಕೂತು ನೀವು ಬರೆದ ಸಾಲನ್ನು ಓದಿ ಕೆಲಸ ಮಾಡಿಸುವ ಪ್ರೋಗ್ರಾಂ ಶೆಲ್. ಲಿನಕ್ಸ್‌ನ ಉಬುಂಟುವಿನಲ್ಲಿ ಅದು ಬ್ಯಾಷ್, 2019ರ ಕ್ಯಾಟಲಿನಾ ಆವೃತ್ತಿಯಿಂದ ಈಚೆಗೆ ಮ್ಯಾಕ್‌ನಲ್ಲಿ ಝೆಡ್‌ಶೆಲ್, ವಿಂಡೋಸ್‌ನಲ್ಲಿ ಪವರ್‌ಶೆಲ್. ಸಾಲಿನ ಶುರುವಿನಲ್ಲಿ $ ಅಥವಾ % ಗುರುತು ಇಟ್ಟುಕೊಂಡು ಕಾಯುವುದೇ ಪ್ರಾಂಪ್ಟ್, ‘ನಾನು ಸಿದ್ಧ, ಹೇಳಿ’ ಎಂದು ಅದರ ಅರ್ಥ. ಪಾಠಗಳಲ್ಲಿ ಕಮಾಂಡಿನ ಮುಂದೆ $ ಮುದ್ರಿಸಿರುತ್ತಾರೆ, ಅದನ್ನೂ ಸೇರಿಸಿ ನಕಲು ಮಾಡಿ ಅಂಟಿಸಿದರೆ ತಪ್ಪು. # ಗುರುತಿನ ಪ್ರಾಂಪ್ಟ್ ಕಂಡರೆ ಮಾತ್ರ ಹುಷಾರು. ನೀವು ರೂಟ್, ಅಂದರೆ ಇಡೀ ಯಂತ್ರದ ಮೇಲೆ ಅಧಿಕಾರ ಇರುವ ಬಳಕೆದಾರ, ಆಗಿ ಕೂತಿದ್ದೀರಿ.

ಈಗ ಮೊದಲ ಪ್ರಶ್ನೆ: ನೀವು ಎಲ್ಲಿದ್ದೀರಿ? ಶೆಲ್ ಯಾವಾಗಲೂ ಯಾವುದೋ ಒಂದು ಫೋಲ್ಡರಿನ ಒಳಗೆ ನಿಂತಿರುತ್ತದೆ. ‘ಪಿಡಬ್ಲ್ಯುಡಿ’ ಎಂದು ಬರೆದು ಎಂಟರ್ ಒತ್ತಿದರೆ ಆ ಜಾಗದ ಹೆಸರು ಹೇಳುತ್ತದೆ. ಲೋಕೋಪಯೋಗಿ ಇಲಾಖೆಯ ಮೂರಕ್ಷರವೇ ಆದ್ದರಿಂದ ನಮ್ಮವರಿಗೆ ಮರೆಯುವುದು ಕಷ್ಟ. ‘ಎಲ್‌ಎಸ್’ ಆ ಫೋಲ್ಡರಿನಲ್ಲಿ ಏನೇನಿದೆ ಎಂದು ತೋರಿಸುತ್ತದೆ, ‘ಸಿಡಿ’ ಬೇರೆ ಫೋಲ್ಡರಿಗೆ ಕರೆದೊಯ್ಯುತ್ತದೆ, ‘ಎಂಕೆಡಿಐಆರ್’ ಹೊಸ ಫೋಲ್ಡರ್ ಮಾಡುತ್ತದೆ. ‘ಎಂಕೆಡಿಐಆರ್’ ಆದಮೇಲೆ ಒಂದು ಜಾಗ ಬಿಟ್ಟು ‘ಪುಟ’ ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಆಮೇಲೆ ‘ಸಿಡಿ ಪುಟ’, ಆಮೇಲೆ ಮತ್ತೊಮ್ಮೆ ‘ಪಿಡಬ್ಲ್ಯುಡಿ’. ಸಾಲಿನ ಕೊನೆಗೆ /ಪುಟ (ವಿಂಡೋಸ್‌ನಲ್ಲಿ \ಪುಟ) ಎಂದು ಬಂದರೆ ಸರಿಯಾದ ಜಾಗಕ್ಕೆ ಬಂದಿದ್ದೀರಿ.

ಆ ಸಾಲೇ ಪಾತ್. ಊರಿಗೆ ವಿಳಾಸ ಹೇಳುವ ಹಾಗೇ ಇದಕ್ಕೂ ಎರಡು ರೀತಿ. ಲಿನಕ್ಸ್, ಮ್ಯಾಕ್‌ನಲ್ಲಿ / ಗುರುತಿನಿಂದ ಶುರುವಾದರೆ ಅದು ಪೂರ್ತಿ ವಿಳಾಸ, ಎಲ್ಲಿ ನಿಂತು ಹೇಳಿದರೂ ಒಂದೇ ಅರ್ಥ. / ಇಲ್ಲದೆ ಶುರುವಾದರೆ ‘ಇಲ್ಲಿಂದ ಎಡಕ್ಕೆ ತಿರುಗಿ’ ಎಂದ ಹಾಗೆ, ನೀವು ನಿಂತ ಜಾಗ ಬದಲಾದರೆ ಅರ್ಥವೂ ಬದಲು. ಒಂದು ಚುಕ್ಕಿ ಅಂದರೆ ಈಗಿನ ಫೋಲ್ಡರ್, ಎರಡು ಚುಕ್ಕಿ ಅಂದರೆ ಒಂದು ಮೆಟ್ಟಿಲು ಮೇಲೆ, ~ ಅಂದರೆ ನಿಮ್ಮ ಹೋಮ್ ಫೋಲ್ಡರ್. ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ದೂರು ಬಂದಾಗ ಫೈಲ್ ಕಳೆದುಹೋಯಿತು ಎಂದು ಗಾಬರಿಯಾಗಬೇಡಿ. ಹೆಚ್ಚಿನ ಸಲ ಫೈಲ್ ತನ್ನ ಜಾಗದಲ್ಲೇ ಇರುತ್ತದೆ, ಬೇರೆ ಕಡೆ ನಿಂತಿರುವುದು ನೀವು. ಪಿಡಬ್ಲ್ಯುಡಿ, ಎಲ್‌ಎಸ್ ಎರಡನ್ನೂ ಓಡಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ಫೈಲಿನ ಹೆಸರಿನಲ್ಲಿ ಜಾಗ ಬಿಡಬೇಡಿ. ಶೆಲ್‌ಗೆ ಜಾಗ ಅಂದರೆ ಒಂದು ಮಾತು ಮುಗಿದು ಇನ್ನೊಂದು ಶುರುವಾಯಿತು ಎಂದು. ಅದಕ್ಕೇ ‘ಸಿಡಿ ನನ್ನ ಪುಟ’ ಎಂದರೆ ಬ್ಯಾಷ್ ‘ಟೂ ಮೆನಿ ಆರ್ಗ್ಯುಮೆಂಟ್ಸ್’ ಎನ್ನುತ್ತದೆ. ಹೆಸರಿನ ಮೊದಲೆರಡು ಅಕ್ಷರ ಬರೆದು ಟ್ಯಾಬ್ ಒತ್ತಿ, ಉಳಿದದ್ದನ್ನು ಶೆಲ್ ತಾನೇ ತುಂಬುತ್ತದೆ. ತುಂಬದಿದ್ದರೆ ಆ ಅಕ್ಷರಗಳಿಂದ ಶುರುವಾಗುವ ಹೆಸರು ಅಲ್ಲಿಲ್ಲ, ಇಲ್ಲವೇ ಒಂದಕ್ಕಿಂತ ಹೆಚ್ಚಿವೆ. ಟ್ಯಾಬ್ ಒತ್ತುವ ಅಭ್ಯಾಸ ಒಂದೇ ಅರ್ಧದಷ್ಟು ಕಾಗುಣಿತದ ತಪ್ಪುಗಳನ್ನು ತಡೆಯುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ವಾಟ್ಸಾಪ್ ಅಥವಾ ವರ್ಡ್‌ನಿಂದ ಕಮಾಂಡ್ ನಕಲು ಮಾಡುವವರಿಗೆ ಇನ್ನೊಂದು ಎಚ್ಚರಿಕೆ. ಅಲ್ಲಿ ನೇರ ಉದ್ಧರಣ ಚಿಹ್ನೆ ಬಾಗಿದ ಚಿಹ್ನೆಯಾಗಿ, ಎರಡು ಸಣ್ಣ ಅಡ್ಡಗೆರೆ ಒಂದು ಉದ್ದ ಗೆರೆಯಾಗಿ ಬದಲಾಗಿರಬಹುದು. ಕಣ್ಣಿಗೆ ಒಂದೇ ಥರ ಕಂಡರೂ ಶೆಲ್‌ಗೆ ಅವು ಬೇರೆ ಅಕ್ಷರಗಳು, ಕೈಯಲ್ಲೇ ತಿದ್ದಿ. ಉದ್ಧರಣ ಚಿಹ್ನೆ ತೆರೆದು ಮುಚ್ಚಲು ಮರೆತರೆ ಬ್ಯಾಷ್‌ನ ಪ್ರಾಂಪ್ಟ್ > ಆಗಿ ಬದಲಾಗಿ, ಏನು ಬರೆದರೂ ಸುಮ್ಮನೆ ನುಂಗುತ್ತದೆ. ಕಂಟ್ರೋಲ್ ಮತ್ತು ಸಿ ಒಟ್ಟಿಗೆ ಒತ್ತಿ ಹೊರಬನ್ನಿ.

‘ಆರ್‌ಎಂ’ ಫೈಲ್ ಅಳಿಸುವ ಕಮಾಂಡ್. ಅದು ಕಸದ ಬುಟ್ಟಿಗೆ ಹಾಕುವುದಿಲ್ಲ, ನೇರ ಅಳಿಸುತ್ತದೆ. ಕಲಿಯುವ ಮೊದಲ ತಿಂಗಳು ಅದರ ಜೊತೆ -ಐ ಸೇರಿಸಿ, ಪ್ರತಿ ಫೈಲಿಗೂ ಕೇಳಿ ಅಳಿಸುತ್ತದೆ.

ಇನ್ನು ಪುಟಕ್ಕೆ ಬರೋಣ. ‘ನ್ಯಾನೋ ಇಂಡೆಕ್ಸ್.ಎಚ್‌ಟಿಎಂಎಲ್’ ಎಂದು ಬರೆದರೆ ಟರ್ಮಿನಲ್ ಒಳಗೇ ಒಂದು ಸಣ್ಣ ಎಡಿಟರ್ ತೆರೆಯುತ್ತದೆ. ‘ನಮಸ್ಕಾರ, ಇದು ನನ್ನ ಮೊದಲ ಪುಟ’ ಎಂದು ಕನ್ನಡದಲ್ಲೇ ಒಂದು ಸಾಲು ಬರೆಯಿರಿ. ಕಂಟ್ರೋಲ್ ಓ, ಎಂಟರ್ ಒತ್ತಿದರೆ ಉಳಿಯುತ್ತದೆ, ಕಂಟ್ರೋಲ್ ಎಕ್ಸ್ ಒತ್ತಿದರೆ ಹೊರಗೆ. ವಿಂಡೋಸ್‌ನ ನೋಟ್‌ಪ್ಯಾಡ್ ಬಳಸುವವರು ಉಳಿಸುವಾಗ ‘ಆಲ್ ಫೈಲ್ಸ್’ ಆರಿಸಿ. ಇಲ್ಲದಿದ್ದರೆ ಹೆಸರಿನ ಬಾಲಕ್ಕೆ .ಟಿಎಕ್ಸ್‌ಟಿ ಸೇರಿಕೊಳ್ಳುತ್ತದೆ, ಆ ಬಾಲವನ್ನು ವಿಂಡೋಸ್ ಮರೆಮಾಡಿಟ್ಟಿರುವುದರಿಂದ ನಿಮಗೆ ಕಾಣುವುದೂ ಇಲ್ಲ.

ಅದೇ ‘ಪುಟ’ ಫೋಲ್ಡರಿನಲ್ಲಿ ನಿಂತು, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜೊತೆಗೇ ಬರುವ ಸಣ್ಣ ಸರ್ವರನ್ನು ಶುರುಮಾಡುವ ಈ ಸಾಲು ಬರೆಯಿರಿ:

ಪೈಥಾನ್3 -ಎಂ ಎಚ್‌ಟಿಟಿಪಿ.ಸರ್ವರ್ 8000

ಮೂರು ಕಡೆ ಮಾತ್ರ ಜಾಗ: ಪೈಥಾನ್3 ಆದಮೇಲೆ, -ಎಂ ಆದಮೇಲೆ, ಸರ್ವರ್ ಆದಮೇಲೆ. ಅಡ್ಡಗೆರೆಗೂ ಎಂ ಅಕ್ಷರಕ್ಕೂ ನಡುವೆ ಜಾಗ ಇಲ್ಲ. ವಿಂಡೋಸ್‌ನಲ್ಲಿ ಪೈಥಾನ್3 ಬದಲು ‘ಪಿವೈ’ ಎಂದು ಬರೆಯಿರಿ. ಪೈಥಾನ್ ಹಾಕಿಕೊಳ್ಳದೆ ‘ಪೈಥಾನ್’ ಎಂದು ಬರೆದರೆ ವಿಂಡೋಸ್ ತನ್ನ ಆ್ಯಪ್ ಅಂಗಡಿಯನ್ನು ತೆರೆದು ಕೂರಬಹುದು. ಎಲ್ಲ ಸರಿಯಿದ್ದರೆ ‘ಸರ್ವಿಂಗ್ ಎಚ್‌ಟಿಟಿಪಿ’ ಎಂಬ ಒಂದು ಸಾಲು ಬಂದು ಟರ್ಮಿನಲ್ ಸುಮ್ಮನಾಗುತ್ತದೆ, ಪ್ರಾಂಪ್ಟ್ ವಾಪಸ್ ಬರುವುದಿಲ್ಲ. ಕೆಟ್ಟು ನಿಂತಿಲ್ಲ, ಊಟಕ್ಕೆ ಬರುವವರನ್ನು ಕಾಯುತ್ತಿದೆ. ಸರ್ವರ್ ಅಂದರೆ ಇಷ್ಟೇ, ಕೇಳಿದವರಿಗೆ ಬಡಿಸಲು ಕಾದು ನಿಂತ ಪ್ರೋಗ್ರಾಂ. ಕೇಳುವ ಬ್ರೌಸರ್ ಕ್ಲೈಂಟ್. ದೊಡ್ಡ ಕಟ್ಟಡದಲ್ಲಿ ಸಾಲಾಗಿ ನಿಂತ ಯಂತ್ರಗಳಿಗೂ ಸರ್ವರ್ ಎನ್ನುತ್ತಾರೆ ನಿಜ, ಆದರೆ ಆ ಕ್ಷಣಕ್ಕೆ ನಿಮ್ಮ ಲ್ಯಾಪ್‌ಟಾಪೂ ಅದೇ ಕೆಲಸ ಮಾಡುತ್ತಿದೆ.

ಬ್ರೌಸರಿನ ವಿಳಾಸಪಟ್ಟಿಯಲ್ಲಿ ‘ಲೋಕಲ್‌ಹೋಸ್ಟ್:8000’ ಎಂದು ಬರೆಯಿರಿ. ಲೋಕಲ್‌ಹೋಸ್ಟ್ ಅಂದರೆ ‘ಈ ಯಂತ್ರವೇ’, ಸಂಖ್ಯೆಯಲ್ಲಿ 127.0.0.1. ಪೋರ್ಟ್ ಎಂಬುದು ಆ ಯಂತ್ರದ ಬಾಗಿಲಿನ ನಂಬರ್. ಒಂದೇ ಯಂತ್ರದಲ್ಲಿ ಹಲವು ಸರ್ವರ್‌ಗಳು ಕೂರಬಹುದಾದ್ದರಿಂದ ಯಾವ ಬಾಗಿಲು ತಟ್ಟಬೇಕೆಂದು ಹೇಳಲೇಬೇಕು. ದಿನನಿತ್ಯದ ವೆಬ್‌ಸೈಟ್‌ಗಳಲ್ಲಿ ಪೋರ್ಟ್ ಬರೆಯದೆ ನಡೆಯುವುದು ಹೇಗೆಂದರೆ ಬ್ರೌಸರ್ ಮತ್ತು ಸರ್ವರ್ ಮಾತಾಡುವ ಎಚ್‌ಟಿಟಿಪಿ ನಿಯಮಕ್ಕೆ 80, ಅದರ ಸುರಕ್ಷಿತ ರೂಪ ಎಚ್‌ಟಿಟಿಪಿಎಸ್‌ಗೆ 443 ಎಂದು ಬ್ರೌಸರ್ ತಾನೇ ಸೇರಿಸಿಕೊಳ್ಳುತ್ತದೆ.

ಪುಟ ತೆರೆದ ತಕ್ಷಣ ಟರ್ಮಿನಲ್ ಕಡೆ ಕಣ್ಣು ಹಾಯಿಸಿ. ನಡುವೆ ‘ಗೆಟ್ /’, ಕೊನೆಯ ಹತ್ತಿರ 200 ಇರುವ ಸಾಲು ಬಂದಿರುತ್ತದೆ. ಬ್ರೌಸರ್ ಕೇಳಿದ್ದು ರಿಕ್ವೆಸ್ಟ್, ಸರ್ವರ್ ಕೊಟ್ಟದ್ದು ರೆಸ್ಪಾನ್ಸ್, 200 ಅಂದರೆ ಕೊಟ್ಟಾಯಿತು. ಅದರ ಕೆಳಗೇ ‘ಫೆವಿಕಾನ್.ಐಸಿಓ’ ಎಂಬ ಹೆಸರಿನ ಮುಂದೆ 404 ಕಾಣಿಸಬಹುದು. ಇದನ್ನು ನೋಡಿ ಕೆಲವರು ಇಡೀ ಪುಟ ಬರೆದದ್ದೇ ತಪ್ಪಾಯಿತು ಎಂದು ಮತ್ತೆ ಮೊದಲಿನಿಂದ ಶುರುಮಾಡುತ್ತಾರೆ. ಟ್ಯಾಬ್ ಮೇಲೆ ತೋರಿಸುವ ಪುಟ್ಟ ಚಿತ್ರವನ್ನು ಬ್ರೌಸರ್ ತಾನಾಗಿ ಕೇಳಿದೆ, ನಿಮ್ಮ ಬಳಿ ಅದು ಇಲ್ಲ, ಅಷ್ಟೇ ವಿಷಯ. ಆದರೆ ನಿಮ್ಮದೇ ಫೋಟೊ ಎದುರು 404 ಬಂದರೆ ಅದನ್ನು ಬಿಡಬೇಡಿ. ಫೈಲಿನ ಹೆಸರಿನಲ್ಲಿ ದೊಡ್ಡ ಅಕ್ಷರದ ಜೆಪಿಜಿ, ಪುಟದಲ್ಲಿ ಸಣ್ಣ ಅಕ್ಷರದ ಜೆಪಿಜಿ ಇದ್ದರೆ ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಕ್ಷಮಿಸುತ್ತವೆ, ಲಿನಕ್ಸ್ ಕ್ಷಮಿಸುವುದಿಲ್ಲ. ಮನೆಯಲ್ಲಿ ಚೆನ್ನಾಗಿ ಕಂಡ ಚಿತ್ರ ಬಾಡಿಗೆ ಸರ್ವರಿಗೆ ಹಾಕಿದ ದಿನ ಮಾಯವಾಗುವುದಕ್ಕೆ ಇದು ಬಹಳ ಸಾಮಾನ್ಯ ಕಾರಣ. ಎಲ್ಲ ಹೆಸರನ್ನೂ ಸಣ್ಣ ಅಕ್ಷರದಲ್ಲೇ ಇಡಿ.

ಈಗ ಪುಟದಲ್ಲಿ ಕನ್ನಡ ಸರಿಯಾಗಿ ಕಾಣುತ್ತಿದೆಯೇ? ಅನೇಕರಿಗೆ ಕಾಣುವುದಿಲ್ಲ, ‘ನಮಸ್ಕಾರ’ದ ಜಾಗದಲ್ಲಿ ತಲೆಯ ಮೇಲೆ ಓರೆಗೀಟು ಹೊತ್ತ ಇಂಗ್ಲಿಷ್ ಎ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಹೊಸಬರಿಗೆ ಕಂಪ್ಯೂಟರ್ ಅಕ್ಷರಗಳನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ. ಲಿನಕ್ಸ್ ಅಥವಾ ಮ್ಯಾಕ್‌ನಲ್ಲಿ ಇನ್ನೊಂದು ಟರ್ಮಿನಲ್ ತೆರೆದು ಇದನ್ನು ಓಡಿಸಿ:

ಎಕೋ -ಎನ್ "ಕನ್ನಡ" | ಡಬ್ಲ್ಯುಸಿ -ಸಿ

ನಡುವಿನ ನಿಂತ ಗೆರೆಗೆ ಪೈಪ್ ಎನ್ನುತ್ತಾರೆ. ಎಡಗಡೆಯ ಕಮಾಂಡ್ ಕೊಟ್ಟದ್ದನ್ನು ಬಲಗಡೆಯದಕ್ಕೆ ಹರಿಸುತ್ತದೆ. ಬಲಗಡೆಯ ಕಮಾಂಡ್ ತನಗೆ ಬಂದ ಬೈಟುಗಳನ್ನು, ಅಂದರೆ ಕಂಪ್ಯೂಟರ್ ಮಾಹಿತಿ ಇಟ್ಟುಕೊಳ್ಳುವ ಸಣ್ಣ ತುಣುಕುಗಳನ್ನು, ಎಣಿಸುತ್ತದೆ. ಉತ್ತರ 15. ಕಣ್ಣಿಗೆ ಮೂರೇ ಅಕ್ಷರ, ಆದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಕೇತ ಕೊಟ್ಟಿರುವ ಯೂನಿಕೋಡ್ ಲೆಕ್ಕದಲ್ಲಿ ಕ, ನ, ಅರ್ಧಾಕ್ಷರದ ಗುರುತು (್), ನ, ಡ ಎಂದು ಐದು ಸಂಕೇತ. ಸಂಕೇತಗಳನ್ನು ಬೈಟುಗಳಾಗಿ ಬರೆದಿಡುವ ರೀತಿಯೇ ಎನ್‌ಕೋಡಿಂಗ್. ಯುಟಿಎಫ್-8 ಎಂಬ ಎನ್‌ಕೋಡಿಂಗ್ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬಳಸುತ್ತದೆ, ಐದು ಮೂರಲ ಹದಿನೈದು. -ಎನ್ ಬಿಟ್ಟರೆ 16 ಬರುತ್ತದೆ, ಸಾಲಿನ ಕೊನೆಯ ಗುರುತಿಗೂ ಒಂದು ಬೈಟ್ ಬೇಕು. ಕನ್ನಡದ ಪ್ರತಿ ಸಂಕೇತದ ಮೊದಲ ಬೈಟ್ ಒಂದೇ, ಬೈಟುಗಳನ್ನು ಬರೆಯುವ ಹೆಕ್ಸ್ ಪದ್ಧತಿಯಲ್ಲಿ ಇ0. ಯಾವ ಎನ್‌ಕೋಡಿಂಗ್ ಎಂದು ಯಾರೂ ಹೇಳದಿದ್ದಾಗ ಬ್ರೌಸರ್ ಹಳೆಯ ಪಾಶ್ಚಾತ್ಯ ಎನ್‌ಕೋಡಿಂಗ್ ಇರಬಹುದು ಎಂದು ಊಹಿಸಿ ಒಂದೊಂದು ಬೈಟನ್ನೂ ಒಂದೊಂದು ಅಕ್ಷರವಾಗಿ ಓದುತ್ತದೆ. ಆ ಲೆಕ್ಕದಲ್ಲಿ ಇ0 ಅಂದರೆ ಗೀಟು ಹೊತ್ತ ಎ. ಅದಕ್ಕೇ ಮೂರು ಮೂರಕ್ಕೊಮ್ಮೆ ಅದೇ ಅಕ್ಷರ ಇಣುಕುತ್ತದೆ. ನಿಮ್ಮ ಫೈಲ್ ಹಾಳಾಗಿಲ್ಲ, ಓದುವವನು ತಪ್ಪು ಓದುತ್ತಿದ್ದಾನೆ.

ಪರಿಹಾರ ಒಂದು ಸಾಲು. ಫೈಲಿನ ಮೊದಲಲ್ಲೇ, ನಿಮ್ಮ ಕನ್ನಡ ಸಾಲಿನ ಮೇಲೆ (ಹೆಡ್ ಭಾಗ ಇರುವ ಪುಟವಾದರೆ ಆ ಭಾಗದ ಮೊದಲಲ್ಲೇ), <ಮೆಟಾ ಚಾರ್‌ಸೆಟ್="ಯುಟಿಎಫ್-8"> ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಹಾಕಿ. ಮೊದಲಲ್ಲೇ ಏಕೆಂದರೆ ಎಚ್‌ಟಿಎಂಎಲ್ ನಿಯಮದ ಪ್ರಕಾರ ಈ ಸಾಲು ಫೈಲಿನ ಮೊದಲ 1024 ಬೈಟ್‌ಗಳ ಒಳಗೆ ಮುಗಿದಿರಬೇಕು. ಒಂದು ಕನ್ನಡ ಸಂಕೇತಕ್ಕೆ ಮೂರು ಬೈಟ್ ಆದ್ದರಿಂದ, ಅದರ ಮೇಲೆ ಉದ್ದನೆಯ ಕನ್ನಡ ಟಿಪ್ಪಣಿ ಬರೆದರೆ ಆ ಮಿತಿ ಬೇಗ ದಾಟುತ್ತದೆ.

ಇಷ್ಟು ಮಾಡಿದರೂ ಕನ್ನಡ ಬಾರದಿದ್ದರೆ ಪಠ್ಯ ಎಲ್ಲಿಂದ ತಂದಿರಿ ನೋಡಿ. ‘ನುಡಿ’, ‘ಬರಹ’ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಫೈಲುಗಳಲ್ಲಿ ಇರುವುದು ಯೂನಿಕೋಡ್ ಕನ್ನಡ ಅಲ್ಲ. ಒಳಗೆ ಇಂಗ್ಲಿಷ್ ಮತ್ತಿತರ ಸಂಕೇತಗಳಿವೆ, ಅವುಗಳಿಗೆ ಫಾಂಟ್ ಕನ್ನಡದ ವೇಷ ಹಾಕಿರುತ್ತದೆ. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚುತ್ತದೆ, ಚಾರ್‌ಸೆಟ್ ಸಾಲು ಅಲ್ಲಿ ಏನೂ ಮಾಡಲಾರದು. ಆಸ್ಕಿಯಿಂದ (ಇಂಥ ಹಳೆಯ ಫಾಂಟಿನ ಪಠ್ಯವನ್ನು ಹೀಗೆ ಕರೆಯುತ್ತಾರೆ) ಯೂನಿಕೋಡ್‌ಗೆ ಬದಲಿಸುವ ಪರಿವರ್ತಕದಲ್ಲಿ ಹಾಕಿ ತೆಗೆಯಿರಿ, ಆಮೇಲೆ ಒತ್ತಕ್ಷರ, ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ.

ಫೈಲಿಗೆ ಕನ್ನಡ ಹೆಸರಿಟ್ಟರೂ ತಪ್ಪಿಲ್ಲ, ಆದರೆ ವಿಳಾಸದಲ್ಲಿ ಪ್ರತಿ ಬೈಟ್ % ಗುರುತಿನ ಜೊತೆ ಮೂರು ಅಕ್ಷರವಾಗಿ ಹಿಗ್ಗುತ್ತದೆ. ‘ಕನ್ನಡ’ ಎಂಬ ಒಂದೇ ಪದ 45 ಅಕ್ಷರ. ಕೊಂಡಿಯನ್ನು ನಕಲು ಮಾಡಿ ಕಳಿಸಿದಾಗ ಉದ್ದನೆಯ % ಸರಮಾಲೆ ಕಾಣುವುದು ಇದರಿಂದಲೇ.

ಸರ್ವರ್ ನಿಲ್ಲಿಸಲು ಕಂಟ್ರೋಲ್ ಸಿ. ಕೈತಪ್ಪಿ ಕಂಟ್ರೋಲ್ ಝಡ್ ಒತ್ತಿದರೆ ಪ್ರಾಂಪ್ಟ್ ವಾಪಸ್ ಬರುತ್ತದೆ, ಸರ್ವರ್ ನಿಂತಿತು ಎಂದೇ ಅನಿಸುತ್ತದೆ. ನಿಜವಾಗಿ ಅದು ನಿದ್ದೆ ಹೋಗಿದೆ, ಬಾಗಿಲು ಮಾತ್ರ ಹಿಡಿದುಕೊಂಡೇ ಇದೆ. ಬ್ರೌಸರ್ ತಿರುಗುತ್ತಲೇ ಇರುತ್ತದೆ, ಹೊಸದಾಗಿ ಶುರುಮಾಡಿದರೆ ‘ಅಡ್ರೆಸ್ ಆಲ್‌ರೆಡಿ ಇನ್ ಯೂಸ್’ ಎಂಬ ದೂರು. ಅದೇ ಟರ್ಮಿನಲ್‌ನಲ್ಲಿ ‘ಎಫ್‌ಜಿ’ ಎಂದು ಬರೆದು ಎಬ್ಬಿಸಿ, ಆಮೇಲೆ ಕಂಟ್ರೋಲ್ ಸಿ. ಅದೂ ಆಗದಿದ್ದರೆ 8001ನೇ ಬಾಗಿಲು ಬಳಸಿ. 80ನ್ನು ಕೇಳಬೇಡಿ, 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಲಿನಕ್ಸ್ ಸಾಮಾನ್ಯ ಬಳಕೆದಾರರಿಗೆ ಕೊಡುವುದಿಲ್ಲ, ‘ಪರ್ಮಿಷನ್ ಡಿನೈಡ್’ ಎನ್ನುತ್ತದೆ.

ಅದೇ ಪುಟವನ್ನು ಮೊಬೈಲಿನಲ್ಲಿ ನೋಡುವ ಆಸೆ ಎಲ್ಲರಿಗೂ ಆಗುತ್ತದೆ. ಮೊಬೈಲಿನಲ್ಲಿ ‘ಲೋಕಲ್‌ಹೋಸ್ಟ್’ ಎಂದು ಬರೆದರೆ ಅದು ಮೊಬೈಲನ್ನೇ ತಟ್ಟುತ್ತದೆ, ಲ್ಯಾಪ್‌ಟಾಪನ್ನಲ್ಲ. ಲಿನಕ್ಸ್‌ನಲ್ಲಿ ‘ಹೋಸ್ಟ್‌ನೇಮ್ -ಐ’ ಎಂದು, ಐ ಮಾತ್ರ ದೊಡ್ಡಕ್ಷರದಲ್ಲಿ, ಬರೆದರೆ ಮನೆಯ ವೈಫೈ ಕೊಟ್ಟ ವಿಳಾಸ ಸಿಗುತ್ತದೆ. ಹೆಚ್ಚಾಗಿ 192.168 ಎಂದು ಶುರುವಾಗಿರುತ್ತದೆ. ಎರಡೂ ಒಂದೇ ವೈಫೈನಲ್ಲಿದ್ದು, ಹೊರಗಿನ ಸಂಪರ್ಕ ತಡೆಯುವ ಫೈರ್‌ವಾಲ್ ಅಡ್ಡ ಬರದಿದ್ದರೆ ಆ ವಿಳಾಸ, ಕೋಲನ್, 8000 ಎಂದು ಮೊಬೈಲಿನಲ್ಲಿ ಬರೆದಾಗ ಪುಟ ತೆರೆಯುತ್ತದೆ. ಅಂದರೆ ಆ ವೈಫೈನಲ್ಲಿರುವ ಬೇರೆ ಯಾರಿಗೂ ತೆರೆಯುತ್ತದೆ. ಹೋಮ್ ಫೋಲ್ಡರಿನಲ್ಲಿ ನಿಂತು ಸರ್ವರ್ ಶುರುಮಾಡಿದ್ದರೆ ನಿಮ್ಮ ಆಧಾರ್ ಸ್ಕ್ಯಾನ್, ಪಾಸ್‌ವರ್ಡ್ ಬರೆದಿಟ್ಟ ಫೈಲ್, ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲುಗಳು ಎಲ್ಲವೂ ಬ್ರೌಸರಿನಲ್ಲಿ ತೆರೆಯುವ ಫೈಲುಗಳ ಪಟ್ಟಿಯಲ್ಲಿ ಇರುತ್ತವೆ. ಹಾಸ್ಟೆಲ್, ಕಾಲೇಜು, ಕಾಫಿ ಅಂಗಡಿಯ ವೈಫೈನಲ್ಲಿದ್ದಾಗ ಕಮಾಂಡಿನ ಕೊನೆಗೆ --ಬೈಂಡ್ 127.0.0.1 ಸೇರಿಸಿ, ಆಗ ನಿಮ್ಮ ಯಂತ್ರ ಬಿಟ್ಟು ಹೊರಗಿನವರಿಗೆ ಬಾಗಿಲು ತೆರೆಯುವುದಿಲ್ಲ. ಸರ್ವರ್ ಶುರುಮಾಡುವ ಮುನ್ನ ಒಮ್ಮೆ ಪಿಡಬ್ಲ್ಯುಡಿ ಓಡಿಸಿ, /ಪುಟ ಎಂದು ಬಂದಮೇಲೆ ಮಾತ್ರ ಮುಂದಿನ ಸಾಲು ಬರೆಯಿರಿ.