ಮದುಮಗಳ ತಲೆಯೊಳಗೆ ಗುಳ್ಳೆ: ಮಳೆಗಾಲದ ಎರಕದ ಕಥೆ

ಗೊಂಬೆಗಳನ್ನು ಚೂರುಚೂರೇ ಕದಲಿಸಿ ಒಂದೊಂದೇ ಫ್ರೇಮು ತೆಗೆಯುವ ಸ್ಟಾಪ್-ಮೋಷನ್ ಚಿತ್ರಕ್ಕೆ ಬೇಕಿದ್ದ ಮದುಮಗಳ ತಲೆ ಕೊನೆಗೂ ಸ್ಫಟಿಕದ ಹಾಗೆ ಸ್ವಚ್ಛವಾಗಿ ಅಚ್ಚಿನಿಂದ ಎದ್ದು ಬಂತು. ಬೇಕಿದ್ದ ಹದಿನಾರೂ ತಲೆಗಳು ತಯಾರು. ಆರ್ಮೇಚರ್ (ಗೊಂಬೆಯೊಳಗಿನ ಎಲುಬುಗೂಡು), ಮಂಟಪ, ಬಟ್ಟೆ, ನೆಂಟರಿಷ್ಟರ ಆರಾರು ಕೈಗಳು ಎಲ್ಲರೂ ಮಾಡುವಂಥ ಕೆಲಸವೇ, ಅದನ್ನು ಬಿಟ್ಟುಬಿಡೋಣ. ಸಾಗರ, ಸೊರಬದ ಗುಡಿಗಾರರ ಬೆಂಡಿನ ಕೆಲಸ ನೋಡಿಕೊಂಡು ಮಾಡಿದ ಬಾಸಿಂಗವೂ ಮುಗಿದಿದೆ. ಅದು ಮಾತ್ರ ಡಬ್ಬಿಯಿಂದ ಹೊರಗಿಟ್ಟರೆ ಥಂಡಿ ಕುಡಿದು ಉಬ್ಬುತ್ತದೆ.

ಹೊಸಬರಿಗಾಗಿ ಕಥೆ ಎರಡೇ ಸಾಲು. ಎರಡು ಚಂದ್ರರ ಗ್ರಹದಲ್ಲಿ ಮದುವೆ; ಚಂದ್ರರಿಬ್ಬರೂ ಒಂದರ ಮೇಲೊಂದು ಬಂದ ಗಳಿಗೆಯಲ್ಲಿ ವಧೂವರರ ಹಣೆಯ ಬೆಳಕು ಕೂಡಿಕೊಳ್ಳಬೇಕು. ಖಳನಾಯಕ ಅಲ್ಲಿನ ಪಂಚಾಂಗದ ಜೋಯಿಸ. ಮುಹೂರ್ತವನ್ನು ಹನ್ನೊಂದು ನಿಮಿಷ ಹಿಂದಕ್ಕೆ ತಳ್ಳಿ, ಮದುಮಗಳ ತಲೆಯೊಳಗೆ ಒಂದು ಕರಿಬೀಜ ಬಿತ್ತಿದ್ದಾನೆ. ಧಾರೆಯ ಹೊತ್ತಿಗೆ ಬೀಜ ಹಿಂದಲೆಯಿಂದ ಹಣೆಗೆ ಬಂದು ಆ ಬೆಳಕನ್ನೆಲ್ಲ ಅವನ ನೌಕೆಗೆ ಹೀರಿ ಕಳಿಸುತ್ತದೆ. ಇದು ಪ್ರೇಕ್ಷಕರಿಗೆ ಮಾತ್ರ ಕಾಣಬೇಕು, ಹಾಗಾಗಿ ತಲೆ ಪಾರದರ್ಶಕ. ಅದರೊಳಗೆ ಬೀಜ ಒಂದೇ ಇರಬೇಕು. ಸಾಸಿವೆಯಷ್ಟು ಗುಳ್ಳೆ ಉಳಿದರೂ ಅದು ಎರಡನೇ ಬೀಜವಾಗಿ ಕಾಣುತ್ತದೆ, ಸಂಚು ಕೆಟ್ಟಿತು.

ಮಣಿ ಬೇರೆ ಬೇರೆ ಜಾಗದಲ್ಲಿರುವ ತಲೆಗಳನ್ನು ಒಂದೊಂದಾಗಿ ಬದಲಿಸಿ ತೆಗೆದರೆ ಬೀಜ ಚಲಿಸಿದಂತೆ ಕಾಣುತ್ತದೆ. ಲೆಕ್ಕ ಹೀಗೆ: ಸೆಕೆಂಡಿಗೆ 24 ಫ್ರೇಮು, ಒಂದು ತಲೆಗೆ ಮೂರು ಫ್ರೇಮು, 16 ತಲೆಗೆ ಎರಡು ಸೆಕೆಂಡ್. ತಲೆ 38 ಮಿ.ಮೀ. ಗೋಲ, ಹಿಡಿಯುವುದು ಸುಮಾರು 29 ಮಿ.ಲೀ. ಎರಕಕ್ಕೆ ಎಪಾಕ್ಸಿ ರೆಸಿನ್ ಯಾಕೆ ಬೇಡ? ಅದು ನಿಧಾನ, ಗಟ್ಟಿಯಾಗುವಷ್ಟರಲ್ಲಿ ಬೀಜವಾಗಿ ಹಾಕಿದ ಮಣಿ ಜಾರಿ ತಳ ಸೇರಿರುತ್ತದೆ. ಸಾಲದ್ದಕ್ಕೆ ಈ ಹವೆಯಲ್ಲಿ ಮೇಲ್ಮೈಗೆ ಅಂಟಂಟು ಬಿಳಿ ಪೊರೆ ಬರುತ್ತದೆ. ಎ, ಬಿ ಎಂಬ ಎರಡು ದ್ರವ ಬೆರೆಸಿ ಹೊಯ್ಯುವ ಕ್ಲಿಯರ್ ಪಾಲಿಯುರೆಥೇನ್ ರೆಸಿನ್ ಬೇಗ ಕಟ್ಟುತ್ತದೆ. ಆದರೆ ಧಾರೆ ಎರೆಯುವ ಮದುವೆಗೆ ನೀರು ಕಂಡರಾಗದ ಮದುಮಗಳು!

ನೀರು ಕಂಡರಾಗದು ಎಂದರೆ ಎಷ್ಟರ ಮಟ್ಟಿಗೆ? ಎ ಭಾಗದಲ್ಲಿರುವ ಐಸೊಸಯನೇಟ್ ನೀರಿನ ಜೊತೆ ಸೇರಿದರೆ ಕಾರ್ಬನ್ ಡೈಆಕ್ಸೈಡ್ ಹುಟ್ಟುತ್ತದೆ. ಒಂದು ಮಿಲಿಗ್ರಾಂ ನೀರಿಗೆ ಸುಮಾರು 1.3 ಮಿ.ಲೀ. ಅನಿಲ. ಒಂದು ತಲೆಯ ರೆಸಿನ್‌ನಲ್ಲಿ ಶೇ. 0.1ರಷ್ಟು, ಅಂದರೆ 30 ಮಿಲಿಗ್ರಾಂ ನೀರು ಸೇರಿದರೆ 40 ಮಿ.ಲೀ. ಅನಿಲ, ತಲೆಗಿಂತ ಅನಿಲವೇ ಜಾಸ್ತಿ. ಆರಿದ್ರೆ ಮಳೆ ಆರದೆ ಹೊಯ್ಯುವಾಗ ತೀರ್ಥಹಳ್ಳಿ ಕಡೆ ಎರಕ ಹೊಯ್ದರೆ ಸಿಗುವುದು ನೀರುದೋಸೆಯಂತೆ ತೂತುಬಿದ್ದ ತಲೆ.

ನೀರು ಎಲ್ಲೆಲ್ಲಿ ಅಡಗಿರುತ್ತದೆ ಅಂದರೆ: ಐಸ್‌ಕ್ರೀಂ ಕಡ್ಡಿಯಲ್ಲಿ, ಕಾಗದದ ಲೋಟದಲ್ಲಿ, ಅಡಿಕೆ ಹಾಳೆಯ ಬಟ್ಟಲಲ್ಲಿ (ಊರಿನ ಅಭಿಮಾನ ಊಟಕ್ಕಿರಲಿ), ಅಕ್ರಿಲಿಕ್ ಬಣ್ಣದಲ್ಲಿ. ಪಾಲಿಪ್ರೊಪಿಲೀನ್ ಲೋಟ, ಸ್ಟೀಲ್ ಕಡ್ಡಿ ಬಳಸಿ. ಕರಿಬೀಜಕ್ಕೆ ನಮ್ಮದೇ ಕಾಳುಮೆಣಸು ಹಾಕುವ ಆಸೆ ಯಾರಿಗಾದರೂ ಬಂದೇ ಬರುತ್ತದೆ, ಬೇಡ. ಒಣಗಿದ ಮೆಣಸಿನಲ್ಲೂ ಶೇ. 10ರ ಆಸುಪಾಸು ತೇವ ಇರುತ್ತದೆ, ಸುತ್ತ ನೊರೆಯ ಪ್ರಭಾವಳಿ ಕಟ್ಟಿಕೊಳ್ಳುತ್ತದೆ. ಗಾಜಿನ ಮಣಿಯೇ ಸರಿ. ಸಿಲಿಕೋನ್ ಅಚ್ಚೂ ತೇವ ಹಿಡಿಯುತ್ತದೆ: 60 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಸಿಲಿಕಾ ಜೆಲ್ ಇರುವ ಡಬ್ಬಿಯಲ್ಲಿ ಮುಚ್ಚಿಟ್ಟು, ಬೆಚ್ಚಗಿರುವಾಗಲೇ ಹೊಯ್ಯಿರಿ.

ರೆಸಿನ್ ಮಾರುವವರ ವಿಷಯ ಎತ್ತದಿದ್ದರೆ ಸಮಾಧಾನ ಇಲ್ಲ. ದೊಡ್ಡ ಡ್ರಮ್ಮಿನಿಂದ ಸಣ್ಣ ಬಾಟಲಿಗೆ ಸುರಿದು, ತಯಾರಿಸಿದ ತಿಂಗಳು ಅಳಿಸಿ, ಬಸ್ ಪಾರ್ಸೆಲ್‌ನಲ್ಲಿ ಕಳಿಸುತ್ತಾರೆ. ಎ ಬಾಟಲಿಯ ಬಾಯಲ್ಲಿ ಆಗಲೇ ಬಿಳಿ ಹರಳು ಕಟ್ಟಿರುತ್ತದೆ, ಅಂದರೆ ಗಾಳಿ ಕುಡಿದ ಸರಕು. ಕೇಳಿದರೆ "ಮಳೆಗಾಲದಲ್ಲಿ ಯಾಕ್ ಮಾಡ್ತೀರಿ ಸಾರ್" ಎಂಬ ಉಪದೇಶ. ಆಗುಂಬೆ, ಹುಲಿಕಲ್ ಸೀಮೆಯವರು ಮಳೆ ನಿಲ್ಲಲಿ ಎಂದು ಕೂತರೆ ಅರ್ಧ ವರ್ಷದ ಹವ್ಯಾಸವೇ ಹೋಯಿತು!

ಇಷ್ಟೆಲ್ಲ ಸರಿಯಿದ್ದರೂ, ಗಾಳಿ ಒತ್ತಿ ಗುಳ್ಳೆ ಕುಗ್ಗಿಸುವ ಪ್ರೆಶರ್ ಪಾಟ್‌ನಲ್ಲಿ 40 ಪಿಎಸ್‌ಐ ಒತ್ತಡ ಕೊಟ್ಟರೂ, ಹಣೆಯ ಮೇಲ್ಭಾಗದಲ್ಲಿ ನೊರೆಯ ಪದರ ಬರುತ್ತಲೇ ಇತ್ತು. ತಲೆಕೆಡಿಸುವ ಭಾಗ ಇದೇ, ಯಾಕೆಂದರೆ ಒತ್ತಡವೇ ಗುಳ್ಳೆಗೆ ಮದ್ದು ಎಂದು ಎಲ್ಲರೂ ಹೇಳುತ್ತಾರೆ. ಕಳ್ಳ ಇದ್ದದ್ದು ಪಾಟ್‌ಗೆ ಗಾಳಿ ತುಂಬುವ ಕಂಪ್ರೆಸರ್‌ನಲ್ಲಿ. 25 ಡಿಗ್ರಿ, ಶೇ. 90 ತೇವಾಂಶದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರಿನ ಆವಿ. 10 ಲೀಟರ್ ಪಾಟ್‌ಗೆ 40 ಪಿಎಸ್‌ಐ ತುಂಬಲು ಒಳಗೆ ಮೊದಲೇ ಇರುವ 10 ಲೀಟರ್ ಸೇರಿ ಒಟ್ಟು 37 ಲೀಟರ್ ಗಾಳಿ ಬೇಕು, ಅದರಲ್ಲಿ ಮುಕ್ಕಾಲು ಗ್ರಾಂ ನೀರು. ಆದರೆ 10 ಲೀಟರ್ ಜಾಗ ಆವಿಯಾಗಿ ಹಿಡಿದಿಡುವುದು ಕಾಲು ಗ್ರಾಂ ಮಾತ್ರ. ಉಳಿದ ಅರ್ಧ ಗ್ರಾಂ ಟ್ಯಾಂಕು, ಪೈಪು, ಪಾಟ್ ಎಲ್ಲಾದರೂ ಹನಿಯಾಗಲೇಬೇಕು. ಮಳೆಯನ್ನೇ ಹಿಂಡಿ ಮದುಮಗಳ ನೆತ್ತಿಗೆ ಸುರಿದಂತಾಯಿತು. ಮಾಮೂಲಿ ವಾಟರ್ ಟ್ರ್ಯಾಪ್ ಹನಿಯನ್ನು ಹಿಡಿಯುತ್ತದೆಯೇ ಹೊರತು ಆವಿಯನ್ನಲ್ಲ. ಸಿಲಿಕಾ ಜೆಲ್ ಫಿಲ್ಟರ್ ಆವಿಯನ್ನೂ ಹಿಡಿಯುತ್ತದೆ, ಆದರೆ ಕಿತ್ತಳೆ ಕಾಳು ಹಸಿರಾದ ಕೂಡಲೇ 120 ಡಿಗ್ರಿಯಲ್ಲಿ ಹುರಿಯಬೇಕು. ಅದಕ್ಕೆ ಪಿವಿಸಿ ಪೈಪಿನ ಮನೆಮಾಡಿದ ಫಿಲ್ಟರ್ ಕಟ್ಟಬೇಡಿ, ಒತ್ತಡಕ್ಕೆ ಸಿಡಿದರೆ ಚೂರು ಕಣ್ಣಿಗೆ ಬರುತ್ತದೆ.

ನೀರಿನ ಮಾತು ಬಂದದ್ದಕ್ಕೆ: ಮುಂದಿನ ಕಥೆಯಲ್ಲಿ ಜೋಯಿಸನ ನೌಕೆ ಜೋಗದಂಥ ಜಲಪಾತದ ಹಿಂದೆ ಅಡಗುತ್ತದೆ. 253 ಮೀಟರ್ ಜೋಗವನ್ನು ನೂರರಲ್ಲಿ ಒಂದಕ್ಕೆ ಇಳಿಸಿದರೆ ಎರಡೂವರೆ ಮೀಟರ್, ಅಂಗಳದಲ್ಲೇ ಆದೀತು. ನೀರು ದೊಡ್ಡ ಜಲಪಾತದಂತೆ ನಿಧಾನ ಬಿದ್ದಂತೆ ಕಾಣಲು, ಅಳತೆ ನೂರು ಪಟ್ಟು ಇಳಿದರೆ ಕ್ಯಾಮೆರಾ ವೇಗ ಹತ್ತು ಪಟ್ಟು ಏರಬೇಕು, ಅಂದರೆ 240 ಫ್ರೇಮು. ಫೋನೇ ಸಾಕು. ಆದರೆ ಹನಿಯ ಗಾತ್ರವನ್ನು ಇಳಿಸಲು ಬರುವುದಿಲ್ಲವಲ್ಲ! ನೀರಿನ ಬದಲು ನುಣ್ಣನೆಯ ಉಪ್ಪು ಸುರಿಸುವ ಆಲೋಚನೆ ಇದೆ; ರಾಜಾ, ರೋರರ್, ರಾಕೆಟ್, ರಾಣಿ ನಾಲ್ಕಕ್ಕೂ ಬೇರೆ ಬೇರೆ ಜರಡಿ. ಇರಲಿ.

ಕಂಪ್ರೆಸರ್‌ಗೆ ಪರಿಹಾರ ಸಿಕ್ಕಿದ್ದು ಎಸಿ ರಿಪೇರಿಯವರ ಕಡೆಯಿಂದ. ಪೈಪಿನ ಸೋರಿಕೆ ನೋಡಲು ಅವರು ಒಣ ನೈಟ್ರೋಜನ್ ಸಿಲಿಂಡರ್ ಇಟ್ಟುಕೊಂಡಿರುತ್ತಾರೆ. ಕಂಪ್ರೆಸರ್ ಕಿತ್ತು ಅದನ್ನೇ ಪಾಟ್‌ಗೆ ಜೋಡಿಸಿದರೆ ನೀರೂ ಇಲ್ಲ, ಕರೆಂಟ್ ಹೋದರೆ ಚಿಂತೆಯೂ ಇಲ್ಲ. ಹತ್ತು ಲೀಟರ್ ಸಿಲಿಂಡರ್ 150 ಬಾರ್‌ನಲ್ಲಿ ತುಂಬಿದ್ದರೆ 1,500 ಲೀಟರ್ ಅನಿಲ. ಒಂದು ಸಲಕ್ಕೆ ಹಿಡಿಯುವುದು 28 ಲೀಟರ್. ರೆಗ್ಯುಲೇಟರ್ ಇಲ್ಲದೆ ಮುಟ್ಟಬೇಡಿ, ಪಾಟ್‌ಗೆ ಸೇಫ್ಟಿ ವಾಲ್ವ್ ಇರಲಿ, ಬಿಡುಗಡೆ ಮಾಡುವಾಗ ಕಿಟಕಿ ತೆಗೆದಿಡಿ. ಅಡಿಗೆ ಕುಕ್ಕರ್‌ನಲ್ಲಿ ಇದನ್ನು ಮಾಡಹೊರಡಬೇಡಿ, ಅದು ಈ ಒತ್ತಡಕ್ಕಲ್ಲ. ಉಳಿದ ಎ ಬಾಟಲಿಯ ಖಾಲಿ ಜಾಗಕ್ಕೂ ಮೆಲ್ಲಗೆ ನೈಟ್ರೋಜನ್ ಬಿಟ್ಟು ಮುಚ್ಚಿದರೆ ಹರಳು ಕಟ್ಟುವುದಿಲ್ಲ. ಬೆರೆಸುವಾಗ ಆರ್ಗ್ಯಾನಿಕ್ ವೇಪರ್ ಕಾರ್ಟ್ರಿಡ್ಜ್ (ರಾಸಾಯನಿಕ ಆವಿ ಹೀರುವ ಡಬ್ಬಿ) ಇರುವ ಮಾಸ್ಕ್ ಕಡ್ಡಾಯ, ಬಟ್ಟೆಯ ಮಾಸ್ಕ್ ಏನಕ್ಕೂ ಬಾರದು.

ಪಾಟ್‌ನಲ್ಲಿ ಒಮ್ಮೆಗೆ ನಾಲ್ಕು ಅಚ್ಚು. ಮೊದಲು ಮಣಿ ಕೂರುವ ಮಟ್ಟದವರೆಗೆ ಹೊಯ್ದು 40 ಪಿಎಸ್‌ಐ. ರಬ್ಬರಿನಷ್ಟು ಗಟ್ಟಿಯಾಗುವವರೆಗೆ ತೆಗೆಯಬೇಡಿ. ಅವಸರಪಟ್ಟರೆ ಕರಗಿದ್ದ ಅನಿಲ ಹಿಗ್ಗಿ ಒಳಗೇ ಗುಳ್ಳೆಯೇಳುತ್ತದೆ. ಆಮೇಲೆ ಮಣಿ ಇಟ್ಟು, ಕೈ ತಾಗಿಸದೆ ಎರಡನೇ ಎರಕ, ಮತ್ತೆ ಒತ್ತಡ. ಅಚ್ಚನ್ನೂ ಇದೇ ಒತ್ತಡದಲ್ಲೇ ತಯಾರಿಸಿರಬೇಕು, ಇಲ್ಲದಿದ್ದರೆ ಸಿಲಿಕೋನ್‌ನೊಳಗಿನ ಗುಳ್ಳೆ ಕುಗ್ಗಿ ಮದುಮಗಳ ಮುಖದ ತುಂಬ ಮೊಡವೆ.

ಮಣಿಯ ಗಾತ್ರದ್ದೇ ಒಂದು ತಮಾಷೆ. ಈ ತಲೆ ಸ್ವತಃ ಮಸೂರ. ರೆಸಿನ್‌ನ ವಕ್ರೀಭವನ ಸೂಚ್ಯಂಕ, ಅಂದರೆ ಬೆಳಕನ್ನು ಬಾಗಿಸುವ ಅಳತೆ, ಸುಮಾರು 1.5, ಹಾಗಾಗಿ ಮುಂದಿನಿಂದ ನೋಡಿದರೆ ಹಿಂದಲೆಯ ಮಣಿ ಮೂರು ಪಟ್ಟು, ನಡುವಿನದು ಒಂದೂವರೆ ಪಟ್ಟು ದೊಡ್ಡದಾಗಿ ಕಾಣುತ್ತದೆ, ಹಣೆಯದ್ದು ಇದ್ದಷ್ಟೇ. ಒಂದೇ ಗಾತ್ರದ ಮಣಿ ಹಾಕಿದರೆ ಬೆಳಕು ನುಂಗಲು ಬರುವ ಬೀಜ ಹೆದರಿ ಕುಗ್ಗುತ್ತಾ ಬಂದಂತೆ! ಅದಕ್ಕೇ ಹಿಂದೆ 2, ನಡುವೆ 5, ಹಣೆಯಲ್ಲಿ 8 ಮಿ.ಮೀ. ಕಣ್ಣಿಗೆ ಅದು 6, 7.5, 8 ಆಗಿ ಮೆಲ್ಲಗೆ ಊದುತ್ತಾ ಬರುತ್ತದೆ. ಮಣಿ ಕೊಳ್ಳುವಾಗ ವರ್ನಿಯರ್ ಜೇಬಿನಲ್ಲಿರಲಿ. ಪೊಟ್ಟಣದ ಮೇಲೆ 5 ಎಂದಿದ್ದರೆ ಒಳಗೆ 4ರಿಂದ 6ರವರೆಗೆ ಎಲ್ಲವೂ ಇರುತ್ತದೆ, ಬದಲಾಯಿಸಿ ಕೊಡಿ ಅಂದರೆ "ಮಣಿ ಸಾರ್, ಬೇರಿಂಗ್ ಅಲ್ಲ" ಅಂತಾರೆ.